ಹಾಲ್ಮಡ್ಡಿ ಸಸಿ ಮಾಡೋಕೆ ಯಾವ ಮರದ ಬೀಜ ತಗೋಬೇಕು

ಹಾಲ್ಮಡ್ಡಿ ಅಂದ್ರೆ ಊದುಬತ್ತಿಗೆ ಹಾಕೋ ಅಂಟು, ಅದೇ ಹೆಸರಿನ ಮರದ ತೊಗಟೆಗೆ ಕತ್ತಿ ತಾಗಿಸಿದ್ರೆ ಹಾಲಿನ ಹಾಗೆ ಬೆಳ್ಳಗೆ ಬರುತ್ತೆ, ಆಮೇಲೆ ಬೂದು ಬಣ್ಣಕ್ಕೆ ತಿರುಗಿ ಕೈಗೆ ಮೆತ್ತಿಕೊಂಡ್ರೆ ಸೋಪಿಗೂ ಬಗ್ಗಲ್ಲ, ಕೊಬ್ಬರಿ ಎಣ್ಣೆನೇ ಬೇಕು.

ಮೊದಲ ಸಲ ನಾನು ಜಾಸ್ತಿ ಅಂಟು ಸುರೀತಿದ್ದ ಮರ ನೋಡಿ ಇದೇ ಸರಿ ಅಂತ ಗುರುತು ಹಾಕಿ ಬಂದೆ, ಆಮೇಲೆ ಬುಡ ಸುತ್ತಿ ನೋಡಿದ್ರೆ ಬೆಂಕಿ ತಾಗಿ ತೊಗಟೆ ಸುಟ್ಟಿತ್ತು, ಹಳೇ ಗಾಯ ಬೇರೆ. ನೋವಾದ ಮರ ಅಂಟು ಸುರಿಸುತ್ತೆ, ಅದು ತಳಿಯ ಗುಣ ಅಂತ ಹೇಳೋಕಾಗಲ್ಲ. ಹಾಗಾಗಿ ಒಂದೇ ಮರ ನೋಡ್ಬೇಡಿ, ಅದರ ಸುತ್ತ ಹೆಚ್ಚುಕಮ್ಮಿ ಅದೇ ವಯಸ್ಸಿನ, ಅದೇ ಮಣ್ಣಲ್ಲಿರೋ 5 ಮರ ಹೋಲಿಕೆಗೆ ಇಟ್ಕೊಳ್ಳಿ. ನಾಲ್ಕೂವರೆ ಅಡಿ ಎತ್ತರದಲ್ಲಿ ಟೇಪ್ ಸುತ್ತಿ ದಪ್ಪ ಬರೀರಿ, ಎಲ್ಲಾ ಮರಕ್ಕೂ ಒಂದೇ ದಿನ, ಒಂದೇ ಅಳತೆಯ ಚಿಕ್ಕ ಗಾಯ ಮಾಡಿ, ಬಂದ ಅಂಟನ್ನ ಚಿಕ್ಕ ತಕ್ಕಡೀಲಿ ತೂಗಿ. ದೊಡ್ಡ ಮರ ದೊಡ್ಡದು ಅನ್ನೋ ಕಾರಣಕ್ಕೇ ಜಾಸ್ತಿ ಕೊಡಬಹುದು, ಅದಕ್ಕೆ ತೂಕವನ್ನ ದಪ್ಪದ ಜೊತೆ ಇಟ್ಟು ನೋಡಿ. ಇದನ್ನ ಬಿಸಿಲುಗಾಲದಲ್ಲೇ ಮಾಡಿ, ಮೂರು ಸಲನಾದ್ರೂ ಮಾಡಿ, ಮೂರು ಸಲವೂ ಅಕ್ಕಪಕ್ಕದವನ್ನ ಮೀರಿಸಿದ ಮರ ಮಾತ್ರ ಇಟ್ಕೊಳ್ಳಿ.

ಕಾಂಡ ನೇರ ಇರಬೇಕು, ಚಿಕ್ಕಂದಲ್ಲೇ ಕವಲೊಡೆದಿದ್ರೆ ತುದಿ ಚಿಗುರನ್ನ ಹುಳ ತಿಂದಿರೋ ಸಾಧ್ಯತೆ ಇದೆ, ಈ ಜಾತಿಗೆ ಎಲೆ ಹೆಣೆಯೋ ಹುಳದ ಕಾಟ ಹೆಚ್ಚು. ಹುಳ ತಿಂದು ಅಕ್ಕಪಕ್ಕದ ಮರ ಬೋಳಾದಾಗಲೂ ಹಸಿರಾಗಿ ನಿಂತ ಮರ ಸಿಕ್ಕಿದ್ರೆ ಬಿಡ್ಬೇಡಿ.

ಇನ್ನೊಂದು, ಬೀಜ ಬಿಡೋದು ಹೆಣ್ಣು ಹೂವು ಇರೋ ಮರ, ಆದ್ರೆ ಅರ್ಧ ಗುಣ ಪರಾಗ ಕೊಟ್ಟ ಮರದ್ದು. ಹತ್ತಿರದ ಗಂಡು ಮರ ಸೊರಗಿದ್ರೆ ಒಳ್ಳೆ ತಾಯಿಮರದ ಬೀಜವೂ ಅರ್ಧ ಲಾಟರಿ! ಅದೂ ಅಲ್ದೆ ಒಂದೇ ಮರದ ಬೀಜದಿಂದ ಇಡೀ ತೋಟ ಮಾಡಿದ್ರೆ ಎಲ್ಲ ಒಂದೇ ಸಂಸಾರ ಆಗುತ್ತೆ, 20-25 ಮರ ಹುಡುಕಿ, ಒಂದಕ್ಕೊಂದು 100 ಮೀಟರ್ ಆದ್ರೂ ದೂರ ಇರಲಿ.

ಕಾಡಿನ ಮರ ಆದ್ರೆ ಮುಟ್ಟೋ ಮೊದಲು ಅರಣ್ಯ ಇಲಾಖೆ ಪರ್ಮಿಷನ್ ಬೇಕು, ಸೊಪ್ಪಿನಬೆಟ್ಟ (ಅಡಿಕೆ ತೋಟಕ್ಕೆ ಸೊಪ್ಪು ತರೋಕೆ ಬಿಟ್ಟಿರೋ ಕಾಡು) ನಮ್ದೇ ಅಲ್ವಾ ಅಂದ್ಕೊಂಡು ಗಾಯ ಮಾಡೋಕೆ ಹೋಗ್ಬೇಡಿ, ಮೊದಲು ಕೇಳಿ.

ಬೀಜಕ್ಕೆ ತೆಳು ರೆಕ್ಕೆ ಇರುತ್ತೆ, ಒಣಗಿದ ಮೇಲೆ ಗಾಳಿಗೆ ಹಾರಿ ಹೋಗುತ್ತೆ, ಕಾಯಿ ಹಸಿರು ಬಿಟ್ಟು ಕಂದು ಆಗ್ತಿದ್ದ ಹಾಗೆ ಗೊಂಚಲನ್ನೇ ಇಳಿಸಿ, ನೆರಳಲ್ಲಿ ಒಣಗಿಸಿ ಬೇಗ ಬಿತ್ತಿ, ವರ್ಷಗಟ್ಟಲೆ ಡಬ್ಬೀಲಿ ಇಟ್ರೆ ಮೊಳಕೆ ಬರಲ್ಲ. ಮರಕ್ಕೊಂದು ಚೀಲ, ಚೀಲಕ್ಕೊಂದು ನಂಬರು, ನರ್ಸರೀಲೂ ಬೇರೆ ಬೇರೆ ಪಾತಿ. ನಂಬರನ್ನ ಪೇಪರಲ್ಲಿ ಬರೆದು ಸಿಕ್ಕಿಸಬೇಡಿ, ಒಂದು ಮಳೆಗೇ ಹೋಯ್ತು ನಂದು, ಈಗ ತಗಡಿಗೆ ಮೊಳೇಲಿ ಗೀರಿ ಕಟ್ತೀನಿ.