ಓಟಿಯಲ್ಲಿ (ಆಪರೇಷನ್ ಥಿಯೇಟರಿನಲ್ಲಿ) ಬಿಪಿ ಸರಿಯಿದ್ದರೆ ಸಾಲದು: ಅಂಗಾಂಶಗಳಿಗೆ ರಕ್ತ ತಲುಪುತ್ತಿದೆಯೇ ಎಂದು ನೋಡುವ ಕ್ರಮ

ಮಾನಿಟರಿನಲ್ಲಿ ಬಿಪಿ 110/70, ರಕ್ತದ ಆಮ್ಲಜನಕದ ಮಟ್ಟ (ಸ್ಯಾಚುರೇಷನ್) ಶೇ. 99 ಇದ್ದರೂ ಕಿಡ್ನಿಗೆ, ಕರುಳಿಗೆ ರಕ್ತ ಸಾಲದೆ ಹೋಗಬಹುದು. ಬಿಪಿ ಏರಿಸುವ ಔಷಧ ಫಿನೈಲೆಫ್ರಿನ್ ಕೊಟ್ಟಾಗ ರಕ್ತನಾಳ ಬಿಗಿದು ಒತ್ತಡ ಏರುತ್ತದೆ. ಹರಿವೂ ಏರಿತು ಎನ್ನುವಂತಿಲ್ಲ. ಒತ್ತಡವನ್ನೂ ಹರಿವನ್ನೂ ಬೇರೆಬೇರೆಯಾಗಿಯೇ ನೋಡಬೇಕು. ಇದಕ್ಕೆ ಬೇಕಾದ್ದು ಬಹುಪಾಲು ಉಡುಪಿ, ಮಂಗಳೂರಿನ ಸಣ್ಣ ನರ್ಸಿಂಗ್ ಹೋಮ್‌ಗಳಲ್ಲೂ ಸಿಗುತ್ತದೆ.

ಮೊದಲು ಬೆರಳು. ತೋರುಬೆರಳಿನ ತುದಿಯ ಮೆತ್ತನೆಯ ಭಾಗವನ್ನು ಬಿಳಿಚುವಷ್ಟು ಗಟ್ಟಿಯಾಗಿ 10 ಸೆಕೆಂಡು ಒತ್ತಿ ಬಿಡಿ. ಬಣ್ಣ ಮರಳಲು 3 ಸೆಕೆಂಡಿಗಿಂತ ಹೆಚ್ಚು ಬೇಕಾದರೆ ಎಚ್ಚರ. ಅಂದಾಜಿನಲ್ಲಿ ಎಣಿಸಬೇಡಿ, ಗಡಿಯಾರ ನೋಡಿ. ಮಲ್ಪೆಯ ಬಂದರಿನಲ್ಲಿ ದುಡಿದವರ ದಪ್ಪ ಚರ್ಮದಲ್ಲಿ, ಮದರಂಗಿ ಹಚ್ಚಿದ ಬೆರಳಲ್ಲಿ ಬಣ್ಣ ತಿಳಿಯದು. ಅಂಥವರಲ್ಲಿ ಎದೆಮೂಳೆಯ ಮೇಲೆ ಒತ್ತಿ ನೋಡಿ, ಮಂಡಿಯ ಸುತ್ತ ಜಾಲರಿಯಂಥ ನೀಲಿ ಕಲೆ ಇದೆಯೇ ಎಂದೂ ಗಮನಿಸಿ. ಏಸಿಯ ಚಳಿಗೆ ಮೈ ತಣ್ಣಗಾಗಿದ್ದರೂ ಬೆರಳು ತಡ ಮಾಡುತ್ತದೆ, ಹಾಗಾಗಿ ಮೈ ತಾಪವನ್ನು ಜೊತೆಗೇ ಬರೆದಿಡಿ.

ಆಕ್ಸಿಮೀಟರಿನ ಪರ್ಫ್ಯೂಷನ್ ಇಂಡೆಕ್ಸ್ (ಬೆರಳಿನಲ್ಲಿ ನಾಡಿಯ ರಕ್ತ ಎಷ್ಟು ಬಲವಾಗಿ ಮಿಡಿಯುತ್ತಿದೆ ಎಂಬ ಅಂಕಿ) ಅನ್ನು ಹಲವರು ಕಣ್ಣೆತ್ತಿಯೂ ನೋಡುವುದಿಲ್ಲ, ಅದು ದೊಡ್ಡ ನಷ್ಟ. ಒಬ್ಬೊಬ್ಬರದು ಒಂದೊಂದು ಅಂಕಿ. ಅದು ಎತ್ತ ಸಾಗುತ್ತಿದೆ ಎಂಬುದೇ ಮುಖ್ಯ. ಅರಿವಳಿಕೆ ಕೊಟ್ಟಮೇಲೆ ರಕ್ತನಾಳ ಸಡಿಲಾಗಿ ಅದು ಏರುತ್ತದೆ, ಆದ್ದರಿಂದ ಆಧಾರದ ಅಂಕಿಯನ್ನು ಆಮೇಲೆ ಬರೆಯಿರಿ. ಬಿಪಿ ಕಫ್ ಕಟ್ಟಿದ ಕೈಗೆ ಆಕ್ಸಿಮೀಟರಿನ ಪ್ರೋಬ್ ಹಾಕಬೇಡಿ.

ಸರಾಸರಿ ರಕ್ತದೊತ್ತಡ 65 ಮಿ.ಮೀ. ಪಾದರಸಕ್ಕಿಂತ ಇಳಿಯಬಾರದು. ಹಳೆಯ ಬಿಪಿ ರೋಗಿಗೆ ಇದೂ ಸಾಲದಿರಬಹುದು, ಅವರ ಎಂದಿನ ಅಂಕಿಗೆ ಹತ್ತಿರವಿರಲಿ. ಒತ್ತಡ ಅಳೆಯುವಾಗ ತಪ್ಪು ಹೆಚ್ಚಾಗಿ ಆಗುವುದು ಸಾಧನ ಇಟ್ಟ ಎತ್ತರದಲ್ಲಿ. ಆರ್ಟೀರಿಯಲ್ ಲೈನಿನ (ಧಮನಿಯೊಳಗೆ ಇಟ್ಟ ತೆಳು ಕೊಳವೆಯ) ಒತ್ತಡ ಅಳೆಯುವ ಟ್ರಾನ್ಸ್‌ಡ್ಯೂಸರ್ ಹೃದಯದ ಮಟ್ಟಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ ಸುಮಾರು 7.5 ಮಿ.ಮೀ. ಹೆಚ್ಚು ತೋರಿಸುತ್ತದೆ. ಟೇಬಲ್ ವಾಲಿಸಿದಾಗಲೆಲ್ಲ ಸರಿಹೊಂದಿಸಿ. ತಲೆ ಎತ್ತಿ ಕೂರಿಸಿದ ಭುಜದ ಶಸ್ತ್ರಚಿಕಿತ್ಸೆಯಲ್ಲಿ ಮಿದುಳು ಹೃದಯಕ್ಕಿಂತ 20 ಸೆಂ.ಮೀ. ಮೇಲಿದ್ದರೆ ಅಲ್ಲಿನ ಒತ್ತಡ ಸುಮಾರು 15 ಕಡಿಮೆ: ತೋಳಿನಲ್ಲಿ 65 ಎಂದರೆ ಮಿದುಳಿಗೆ 50. ಟ್ರಾನ್ಸ್‌ಡ್ಯೂಸರನ್ನು ಕಿವಿಯ ಮಟ್ಟಕ್ಕೆ ಏರಿಸಿದರೆ ಮಿದುಳಿನ ಲೆಕ್ಕವೇ ನೇರವಾಗಿ ಕಾಣುತ್ತದೆ.

ವೆಂಟಿಲೇಟರ್ ಸೆಟ್ಟಿಂಗ್ ಬದಲಾಗದೆ ಎಂಡ್ ಟೈಡಲ್ (ಉಸಿರು ಬಿಡುವ ಕೊನೆಯಲ್ಲಿ ಅಳೆಯುವ) ಕಾರ್ಬನ್ ಡೈಆಕ್ಸೈಡ್ ದಿಢೀರ್ ಇಳಿದರೆ ಮೊದಲು ಟ್ಯೂಬ್ ಕಳಚಿದೆಯೇ, ಸೋರುತ್ತಿದೆಯೇ ನೋಡಿ. ಅದೆಲ್ಲ ಸರಿಯಿದ್ದರೆ ಹೃದಯ ತಳ್ಳುವ ರಕ್ತವೇ ಕುಸಿದಿರಬಹುದು. ತಕ್ಷಣ ಅರಿವಳಿಕೆ ವೈದ್ಯರಿಗೆ ಹೇಳಿ, ಎಷ್ಟು ರಕ್ತ ಹೋಗಿದೆ ಎಂದು ಸಕ್ಷನ್ ಬಾಟಲಿಯನ್ನೂ ರಕ್ತ ಒರೆಸಿದ ಮಾಪುಗಳನ್ನೂ ನೋಡಿ.

ಮೂತ್ರ ಗಂಟೆಗೆ ಕೆ.ಜಿ.ಗೆ 0.5 ಮಿ.ಲೀ. ಬರಬೇಕು, 60 ಕೆ.ಜಿ.ಯವರಿಗೆ 30. ಕಡಿಮೆಯಾದರೆ ಮೊದಲು ಮೂತ್ರದ ಕೊಳವೆ ಮಡಚಿದೆಯೇ ನೋಡಿ. ಲ್ಯಾಪ್ರೊಸ್ಕೋಪಿಯಲ್ಲಿ ಹೊಟ್ಟೆಗೆ ಗ್ಯಾಸ್ ತುಂಬಿದಾಗ ಮೂತ್ರ ತಾನಾಗಿಯೇ ಇಳಿಯುತ್ತದೆ, ಅದೊಂದನ್ನೇ ನಂಬಿ ಡ್ರಿಪ್ ಸುರಿಯಬಾರದು.

ಎಬಿಜಿ (ಧಮನಿಯ ರಕ್ತದ ಅನಿಲ ಪರೀಕ್ಷೆಯ) ಯಂತ್ರವಿದ್ದರೆ ಲ್ಯಾಕ್ಟೇಟ್ ನೋಡಿ, ಅಂಗಾಂಶಕ್ಕೆ ರಕ್ತ ಸಾಲದಾಗ ಇದು ಏರುತ್ತದೆ. ಲೀಟರಿಗೆ 2 ಮಿಲಿಮೋಲ್‌ಗಿಂತ ಹೆಚ್ಚಿದ್ದರೆ ಒಂದೆರಡು ಗಂಟೆ ಬಿಟ್ಟು ಮತ್ತೆ ತೆಗೆಯಿರಿ. ರಕ್ತ ತೆಗೆದ ಸಿರಿಂಜನ್ನು ಟ್ರೇಯಲ್ಲಿ ಬಿಟ್ಟರೆ ರಕ್ತಕಣಗಳೇ ಲ್ಯಾಕ್ಟೇಟ್ ಮಾಡುತ್ತವೆ, ಅಂಕಿ ಸುಳ್ಳು ಹೇಳುತ್ತದೆ. 15 ನಿಮಿಷದೊಳಗೆ ಯಂತ್ರಕ್ಕೆ ಹಾಕಿ.