ಬ್ರಿಟನ್‌ನಲ್ಲಿ ಪರ್ಮನೆಂಟ್ ಕೆಲಸ ಬಿಟ್ಟು ಕಾಂಟ್ರಾಕ್ಟಿಂಗ್‌ಗೆ ಇಳಿಯುವ ಮುನ್ನ

ರಿಕ್ರೂಟರ್ ಫೋನಿನಲ್ಲಿ ‘ದಿನಕ್ಕೆ 500 ಪೌಂಡ್’ ಅಂದ ಕೂಡಲೇ ಬಹಳ ಮಂದಿ ಅದನ್ನು 260 ದಿನಕ್ಕೆ ಗುಣಿಸಿಬಿಡುತ್ತಾರೆ. 1,30,000 ಪೌಂಡ್! ಈಗಿನ 75,000ದ ಸಂಬಳ ಸಣ್ಣದಾಗಿ ಕಾಣತೊಡಗುತ್ತದೆ. ಆದರೆ ಆ ಗುಣಾಕಾರದಲ್ಲಿ ದಿನಗಳೂ ತಪ್ಪು, ದರವೂ ತಪ್ಪು. ಲೆಕ್ಕಕ್ಕೆ ಕೂರುವ ಮೊದಲು ವೀಸಾ ನೋಡಿಕೊಳ್ಳಿ, ಏಕೆಂದರೆ ಅನೇಕರ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ.

ಸ್ಕಿಲ್ಡ್ ವರ್ಕರ್ ವೀಸಾದಲ್ಲಿದ್ದರೆ ಕಾಂಟ್ರಾಕ್ಟಿಂಗ್ ಸಾಧ್ಯವಿಲ್ಲ. ನಿಮ್ಮ ಹಕ್ಕು ಸ್ಪಾನ್ಸರ್ ಮಾಡಿದ ಕಂಪನಿಯ ಆ ಹುದ್ದೆಗೆ ಮಾತ್ರ ಸೀಮಿತ. ವಾರಕ್ಕೆ 20 ಗಂಟೆ ಹೆಚ್ಚುವರಿ ಕೆಲಸ ಮಾಡಬಹುದು ಎಂಬ ನಿಯಮವನ್ನು ನಂಬಿ ಸ್ವಂತ ಲಿಮಿಟೆಡ್ ಕಂಪನಿ ತೆರೆದು ಬಿಲ್ ಮಾಡುವಂತಿಲ್ಲ. ಆ ನಿಯಮ ಇರುವುದು ಅರ್ಹ ಹುದ್ದೆಯಲ್ಲಿ ನೌಕರಿಗೆ ಮಾತ್ರ. ಬೆಂಗಳೂರಿನ ಕಂಪನಿಯಿಂದ ಗ್ಲೋಬಲ್ ಬಿಸಿನೆಸ್ ಮೊಬಿಲಿಟಿ ವೀಸಾದಲ್ಲಿ ಬಂದವರಿಗೂ ಇದೇ ಕಟ್ಟು. ಅವರ ಆ ವರ್ಷಗಳು ಸ್ಕಿಲ್ಡ್ ವರ್ಕರ್ ದಾರಿಯ ಐಎಲ್‌ಆರ್‌ಗೂ (ಶಾಶ್ವತ ವಾಸದ ಅನುಮತಿ) ಲೆಕ್ಕಕ್ಕೆ ಬರುವುದಿಲ್ಲ. ಸ್ಕಿಲ್ಡ್ ವರ್ಕರ್ ವೀಸಾದವರ ಡಿಪೆಂಡೆಂಟ್ ಆಗಿರುವ ಗಂಡ ಅಥವಾ ಹೆಂಡತಿ ಕಾಂಟ್ರಾಕ್ಟ್ ಮಾಡಬಹುದು. ಐಎಲ್‌ಆರ್ ಅಥವಾ ಪೌರತ್ವ ಇದ್ದವರಿಗೆ ಅಡ್ಡಿ ಇಲ್ಲ. ಒಂದು ವಿಷಯ ನೆನಪಿರಲಿ: ಎರಡು ಕಾಂಟ್ರಾಕ್ಟ್‌ಗಳ ನಡುವೆ ಊರಿಗೆ ಹೋಗಿ ತಿಂಗಳುಗಟ್ಟಲೆ ಇದ್ದು ಬರುವ ಆಸೆ ಎಲ್ಲರಿಗೂ ಇರುತ್ತದೆ. ಐದು ವರ್ಷ ಇಲ್ಲಿದ್ದು ಪೌರತ್ವಕ್ಕೆ ಅರ್ಜಿ ಹಾಕುವವರಿಗೆ ಆ ಐದು ವರ್ಷದಲ್ಲಿ 450 ದಿನ, ಕೊನೆಯ 12 ತಿಂಗಳಲ್ಲಿ 90 ದಿನ ಹೊರಗಿರುವುದು ಸಾಮಾನ್ಯ ಮಿತಿ.

ವೀಸಾ ಸರಿಯಿದ್ದರೆ ಮುಂದಿನ ಪ್ರಶ್ನೆ ಐಆರ್35. 2000ದಿಂದ ಇರುವ ಈ ತೆರಿಗೆ ನಿಯಮ ಕೇಳುವುದು ಇಷ್ಟೇ: ನಡುವಿನ ನಿಮ್ಮ ಸ್ವಂತ ಕಂಪನಿಯನ್ನು ತೆಗೆದರೆ ನೀವು ಆ ಕ್ಲೈಂಟ್‌ನ ನೌಕರರಂತೆಯೇ ಕಾಣುತ್ತೀರಾ? ಕೆಲಸವನ್ನು ಹೇಗೆ ಮಾಡಬೇಕೆಂದು ಅವರೇ ಹೇಳುತ್ತಾರೆಯೇ, ನಿಮ್ಮ ಬದಲು ಬೇರೆಯವರನ್ನು ಕಳಿಸಬಹುದೇ, ಅವರು ಕೆಲಸ ಕೊಡಲೇಬೇಕು ನೀವು ಮಾಡಲೇಬೇಕು ಎಂಬ ಕಟ್ಟುಪಾಡು ಇದೆಯೇ ಎಂಬ ಮೂರು ಅಂಶಗಳ ಮೇಲೆ ಹೆಚ್ಚಿನದು ನಿಂತಿದೆ. ಸರ್ಕಾರಿ ವಲಯದಲ್ಲಿ 2017ರಿಂದ, ಖಾಸಗಿ ವಲಯದ ಮಧ್ಯಮ ಮತ್ತು ದೊಡ್ಡ ಕಂಪನಿಗಳಲ್ಲಿ 2021ರ ಏಪ್ರಿಲ್‌ನಿಂದ ಇದನ್ನು ತೀರ್ಮಾನಿಸುವವರು ಕ್ಲೈಂಟ್. ಕಾರಣಗಳ ಸಮೇತ ಸ್ಟೇಟಸ್ ಡಿಟರ್ಮಿನೇಷನ್ ಸ್ಟೇಟ್‌ಮೆಂಟ್ ಎಂಬ ಪತ್ರ ಕೊಡುವುದು ಅವರ ಹೊಣೆ. ನೀವು ಆಕ್ಷೇಪಿಸಿದರೆ 45 ದಿನದೊಳಗೆ ಉತ್ತರಿಸಬೇಕು. ಕ್ಲೈಂಟ್ ಸಣ್ಣ ಕಂಪನಿಯಾದರೆ ಮಾತ್ರ ನಿರ್ಣಯವೂ ಅಪಾಯವೂ ನಿಮ್ಮದು. ದೊಡ್ಡ ಬ್ಯಾಂಕುಗಳು ಬಹುಪಾಲು ‘ಇನ್‌ಸೈಡ್’ (ನೌಕರರಂತೆಯೇ, ಈ ನಿಯಮದ ಒಳಗೆ) ಎಂದೇ ಹೇಳುತ್ತವೆ, ಅಂದರೆ ನಿಮ್ಮನ್ನು ತನ್ನ ನೌಕರರಾಗಿ ಇಟ್ಟುಕೊಂಡು ತೆರಿಗೆ ಕಳೆದು ಕೊಡುವ ಅಂಬ್ರೆಲಾ ಕಂಪನಿಯ ಮೂಲಕ ಸಂಬಳ.

ಇಲ್ಲೇ ಹೆಚ್ಚು ಜನ ಮೋಸ ಹೋಗುವುದು. ಅಂಬ್ರೆಲಾ ಮೂಲಕ ಹೇಳುವ ಡೇ ರೇಟ್ ನಿಮ್ಮ ಸಂಬಳವಲ್ಲ, ಅದು ಬೆಂಗಳೂರಿನ ಆಫರ್ ಲೆಟರ್‌ನ ಸಿಟಿಸಿ ಇದ್ದ ಹಾಗೆ. ಅದರೊಳಗಿಂದಲೇ ಮಾಲೀಕರ ಪಾಲಿನ ನ್ಯಾಷನಲ್ ಇನ್ಶೂರೆನ್ಸ್ ಎಂಬ ಸಾಮಾಜಿಕ ಭದ್ರತೆಯ ವಂತಿಗೆ (2025ರ ಏಪ್ರಿಲ್‌ನಿಂದ ವರ್ಷದ 5,000 ಪೌಂಡ್ ಮೀರಿದ ಮೊತ್ತಕ್ಕೆ ಶೇ. 15), ಶೇ. 0.5 ಅಪ್ರೆಂಟಿಸ್‌ಶಿಪ್ ಲೆವಿ, ಮಾಲೀಕರ ಪಾಲಿನ ಪೆನ್ಷನ್, ಅಂಬ್ರೆಲಾದ ಶುಲ್ಕ ಎಲ್ಲವೂ ಹೋಗಬೇಕು.

500 ಪೌಂಡನ್ನೇ ತೆಗೆದುಕೊಳ್ಳೋಣ. ವರ್ಷದ 260 ಕೆಲಸದ ದಿನಗಳಲ್ಲಿ 8 ಬ್ಯಾಂಕ್ ಹಾಲಿಡೇ, 25 ರಜೆ, ಐದಾರು ದಿನ ಜ್ವರ ನೆಗಡಿಗೆ ಕಳೆದರೆ ಉಳಿಯುವುದು ಸುಮಾರು 220 ದಿನ, 1,10,000 ಪೌಂಡ್. ಅಂಬ್ರೆಲಾ ಶುಲ್ಕ ವಾರಕ್ಕೆ 25 ಪೌಂಡ್‌ನಂತೆ ಹಿಡಿದು, ಕನಿಷ್ಠ ಪೆನ್ಷನ್, ಇನ್ಶೂರೆನ್ಸ್, ಲೆವಿ ತೆಗೆದ ಮೇಲೆ ನಿಜವಾದ ಸಂಬಳ ಸುಮಾರು 93,700. ಅದರ ಮೇಲೆ ನಿಮ್ಮ ಆದಾಯ ತೆರಿಗೆ, ನಿಮ್ಮ ಪಾಲಿನ ನ್ಯಾಷನಲ್ ಇನ್ಶೂರೆನ್ಸ್. ಈಗಿನ 75,000ಕ್ಕೆ ಶೇ. 10 ಬೋನಸ್ಸು, ಶೇ. 8 ಮಾಲೀಕರ ಪೆನ್ಷನ್ ಸೇರಿಸಿದರೆ 88,500 ಆಯಿತು. ಅಂಬ್ರೆಲಾ ಕಡೆಯ ಕನಿಷ್ಠ ಪೆನ್ಷನ್ನನ್ನೂ ಸೇರಿಸಿ ಹೋಲಿಸಿದರೆ ವ್ಯತ್ಯಾಸ ಆರೇಳು ಸಾವಿರ. ಅದೂ ಎರಡು ಕಾಂಟ್ರಾಕ್ಟ್‌ಗಳ ನಡುವೆ ಒಂದು ದಿನವೂ ಖಾಲಿ ಕೂರದಿದ್ದರೆ. ಎರಡು ತಿಂಗಳು ಕೆಲಸ ಸಿಗದೆ ಹೋದರೆ ಅದೇ ಸಂಬಳ 76,000ದ ಆಸುಪಾಸಿಗೆ ಇಳಿಯುತ್ತದೆ. ರೆಡಿಂಗ್‌ನಿಂದ ಲಂಡನ್ನಿಗೆ ಓಡಾಡುವ ರೈಲು ಖರ್ಚನ್ನು ಇನ್‌ಸೈಡ್ ಕಾಂಟ್ರಾಕ್ಟ್‌ನಲ್ಲಿ ತೆರಿಗೆಯಿಂದ ಕಳೆಯಲೂ ಆಗುವುದಿಲ್ಲ. ಹಾಗಾಗಿ ಈ ಉದಾಹರಣೆಯವರಿಗೆ ಇನ್‌ಸೈಡ್ 500 ಸಾಲದು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. 600 ದಾಟಿದ ಮೇಲೆ ಯೋಚಿಸಿ.

650ಕ್ಕೆ ಹೋದರೆ ಬೇರೆ ಗಂಟು. ಸಂಬಳ 1,22,000 ಆಗುತ್ತದೆ. ಒಂದು ಲಕ್ಷ ಪೌಂಡ್ ದಾಟಿದ ಪ್ರತಿ 2 ಪೌಂಡ್‌ಗೆ 12,570ರ ತೆರಿಗೆ ವಿನಾಯಿತಿ 1 ಪೌಂಡ್ ಕರಗುತ್ತಾ 1,25,140ಕ್ಕೆ ಪೂರ್ತಿ ಹೋಗುತ್ತದೆ. ಈ ಎರಡರ ನಡುವಿನ ಮೊತ್ತದ ಮೇಲೆ ಸ್ಕಾಟ್ಲೆಂಡ್ ಬಿಟ್ಟು ಉಳಿದೆಡೆ ತೆರಿಗೆ ಶೇ. 60ರಷ್ಟು ಬಿದ್ದಂತೆ. ತಂದೆ ತಾಯಿಯಲ್ಲಿ ಒಬ್ಬರ ಆದಾಯ ಲಕ್ಷ ದಾಟಿದರೂ ಟ್ಯಾಕ್ಸ್ ಫ್ರೀ ಚೈಲ್ಡ್‌ಕೇರ್, ಇಂಗ್ಲೆಂಡಿನಲ್ಲಿ ದುಡಿಯುವ ಪಾಲಕರ 30 ಗಂಟೆಯ ನರ್ಸರಿ ಸೌಲಭ್ಯ ಎರಡೂ ನಿಲ್ಲುತ್ತವೆ. ಲಕ್ಷದ ಮೇಲಿನದನ್ನು ಸ್ಯಾಲರಿ ಸ್ಯಾಕ್ರಿಫೈಸ್ (ತೆರಿಗೆಗೆ ಮೊದಲೇ ಸಂಬಳದ ಒಂದು ಭಾಗ ಬಿಟ್ಟುಕೊಡುವುದು) ಮೂಲಕ ಪೆನ್ಷನ್‌ಗೆ ಹಾಕುವುದು ದಾರಿ. ಎಲ್ಲ ಅಂಬ್ರೆಲಾಗಳೂ ಇದನ್ನು ಮಾಡಿಕೊಡುವುದಿಲ್ಲ, ಸೇರುವ ಮೊದಲೇ ಕೇಳಿ.

ಅಂಬ್ರೆಲಾ ಆರಿಸುವಾಗ ‘ಶೇ. 85 ಕೈಗೆ ಬರುತ್ತದೆ’ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದುಬಿಡಿ. ಸಂಬಳದ ಒಂದು ಭಾಗವನ್ನು ಸಾಲವೆಂದೋ ಮುಂಗಡವೆಂದೋ ತೋರಿಸುವ ಯೋಜನೆಗಳು ಅವು. ಬ್ರಿಟನ್ನಿನ ತೆರಿಗೆ ಇಲಾಖೆ ಎಚ್‌ಎಂಆರ್‌ಸಿ ಆ ತೆರಿಗೆಯನ್ನು ವರ್ಷಗಳ ನಂತರ ಕೆಲಸಗಾರರಿಂದಲೇ ವಸೂಲಿಗೆ ಇಳಿದದ್ದಿದೆ. ಏಜೆನ್ಸಿಯಿಂದ ಕೀ ಇನ್‌ಫರ್ಮೇಷನ್ ಡಾಕ್ಯುಮೆಂಟ್ ಕೇಳಿ ಪಡೆಯಿರಿ, ಮಾದರಿ ಲೆಕ್ಕ ಅದರಲ್ಲಿರುತ್ತದೆ. ರಜೆಯ ಹಣವನ್ನು (ಸಾಮಾನ್ಯವಾಗಿ ಶೇ. 12.07) ಪ್ರತಿ ಸಂಬಳದ ಜೊತೆ ಕೊಡುತ್ತಾರೋ ಕೂಡಿಡುತ್ತಾರೋ ಎಂದೂ ಕೇಳಿ. ಕೂಡಿಟ್ಟದ್ದನ್ನು ಸಮಯಕ್ಕೆ ಕೇಳದೆ ಕಳೆದುಕೊಂಡವರಿದ್ದಾರೆ.

‘ಔಟ್‌ಸೈಡ್’ ಸಿಕ್ಕರೆ ಲಿಮಿಟೆಡ್ ಕಂಪನಿಯ ದಾರಿ. ಕಂಪನಿಯ ಲಾಭ 50,000 ಪೌಂಡ್‌ವರೆಗಿದ್ದರೆ ಶೇ. 19 ಕಾರ್ಪೊರೇಷನ್ ಟ್ಯಾಕ್ಸ್, ಅದಕ್ಕೂ 2,50,000ಕ್ಕೂ ನಡುವಿನ ಮೊತ್ತಕ್ಕೆ ಶೇ. 26.5 ಬಿದ್ದಂತೆ. ಮೇಲೆ ಡಿವಿಡೆಂಡ್ ತೆರಿಗೆ: 500 ಪೌಂಡ್ ಬಿಟ್ಟು, 2026ರ ಏಪ್ರಿಲ್‌ನಿಂದ ಕೆಳಹಂತದಲ್ಲಿ ಶೇ. 10.75, ಮೇಲಿನ ಹಂತದಲ್ಲಿ 35.75. ಹಿಂದಿದ್ದಷ್ಟು ಲಾಭ ಈಗಿಲ್ಲ, ಆದರೂ ಅದೇ ದರಕ್ಕೆ ಇನ್‌ಸೈಡ್‌ಗಿಂತ ಮೇಲು. 12 ತಿಂಗಳಲ್ಲಿ 90,000 ಪೌಂಡ್ ವಹಿವಾಟು ದಾಟಿದರೆ ವ್ಯಾಟ್ ನೋಂದಣಿ ಕಡ್ಡಾಯ. ಇನ್‌ವಾಯ್ಸ್‌ನ ಆ ಶೇ. 20 ನಿಮ್ಮದಲ್ಲ, ಬಂದ ದಿನವೇ ಕಾರ್ಪೊರೇಷನ್ ಟ್ಯಾಕ್ಸ್‌ನ ಪಾಲಿನ ಜೊತೆ ಬೇರೆ ಖಾತೆಗೆ ಹಾಕಿ. ಆ ತೆರಿಗೆ ಕಟ್ಟಬೇಕಾದದ್ದು ಲೆಕ್ಕದ ವರ್ಷ ಮುಗಿದು ಒಂಬತ್ತು ತಿಂಗಳು ಒಂದು ದಿನಕ್ಕೆ. ಅಷ್ಟರಲ್ಲಿ ಹಣ ಮನೆ ಖರ್ಚಿಗೆ ಕರಗಿ ತೊಂದರೆಗೆ ಸಿಕ್ಕುವುದು ಹೊಸಬರಲ್ಲಿ ಸಾಮಾನ್ಯ.

ಕೆಲಸ ಬಿಡುವ ಸಮಯವೂ ಮುಖ್ಯ. ಮನೆ ಕೊಳ್ಳುವ ಅಥವಾ ಮಾರ್ಟ್‌ಗೇಜ್ ಬದಲಿಸುವ ಯೋಚನೆ ಇದ್ದರೆ ಪರ್ಮನೆಂಟ್ ಇರುವಾಗಲೇ ಮುಗಿಸಿ. ಲಿಮಿಟೆಡ್ ಕಂಪನಿಯವರಿಂದ ಅನೇಕ ಬ್ಯಾಂಕುಗಳು ಎರಡು ವರ್ಷದ ಲೆಕ್ಕಪತ್ರ ಕೇಳುತ್ತವೆ. ಮಗುವಿನ ನಿರೀಕ್ಷೆಯಲ್ಲಿರುವವರು ಬಿಡಬೇಡಿ. ಶಾಸನಬದ್ಧ ಹೆರಿಗೆ ಭತ್ಯೆಗೆ, ಹೆರಿಗೆಯ ನಿರೀಕ್ಷಿತ ವಾರಕ್ಕೆ ಹದಿನೈದು ವಾರ ಮುಂಚೆ ಒಂದೇ ಮಾಲೀಕರ ಬಳಿ 26 ವಾರ ಸತತ ಕೆಲಸ ಆಗಿರಬೇಕು; ಕಂಪನಿಯೇ ಕೊಡುವ ಹೆಚ್ಚುವರಿ ಭತ್ಯೆಯಂತೂ ಹೊರಟರೆ ಹೋಯಿತು. ಕಂಪನಿಯಲ್ಲಿ ರಿಡಂಡೆನ್ಸಿ (ಹುದ್ದೆ ಕಡಿತ) ಮಾತು ಕೇಳಿಬರುತ್ತಿದ್ದು ನಿಮಗೆ ಎರಡು ವರ್ಷ ತುಂಬಿದ್ದರೆ ಸ್ವಲ್ಪ ಕಾಯಿರಿ. ಅರ್ಹವಾದ ರಿಡಂಡೆನ್ಸಿ ಪರಿಹಾರದಲ್ಲಿ 30,000 ಪೌಂಡ್‌ವರೆಗೆ ತೆರಿಗೆ ಇಲ್ಲ, ನೀವಾಗಿ ರಾಜೀನಾಮೆ ಕೊಟ್ಟರೆ ಅದರಲ್ಲಿ ಒಂದು ಪೆನ್ನಿಯೂ ಸಿಗದು. ಆರು ತಿಂಗಳ ಮನೆ ಖರ್ಚು ಕೈಯಲ್ಲಿಲ್ಲದೆ ಹೊರಡಲೇಬೇಡಿ.

ಕಾಂಟ್ರಾಕ್ಟ್ ಪತ್ರದಲ್ಲಿ ನೋಟಿಸ್ ಕಲಮನ್ನು ಎರಡು ಸಲ ಓದಿ. ಆರು ತಿಂಗಳ ಕಾಂಟ್ರಾಕ್ಟ್ ಎಂದರೆ ಆರು ತಿಂಗಳ ಖಾತರಿಯಲ್ಲ. ಕ್ಲೈಂಟ್ ಒಂದು ವಾರದ ಅಥವಾ ಅದೇ ದಿನದ ನೋಟಿಸ್‌ನಲ್ಲಿ ಮುಗಿಸುವ ಹಕ್ಕು ಹಲವು ಪತ್ರಗಳಲ್ಲಿರುತ್ತದೆ. ಡಿಸೆಂಬರ್‌ನಲ್ಲಿ ಎರಡು ವಾರ ಸಂಬಳವಿಲ್ಲದ ಕಡ್ಡಾಯ ರಜೆ ಕೆಲವು ಬ್ಯಾಂಕುಗಳಲ್ಲಿ ವಾಡಿಕೆ. ಬೆಂಗಳೂರಿನಿಂದ ಕೆಲವು ವಾರ ಕೆಲಸ ಮಾಡಬಹುದೇ ಎಂಬುದನ್ನೂ ಬರಹದಲ್ಲೇ ಕೇಳಿ, ಡೇಟಾ ಭದ್ರತೆಯ ಕಾರಣಕ್ಕೆ ಬಹಳ ಕ್ಲೈಂಟ್‌ಗಳು ಒಪ್ಪುವುದಿಲ್ಲ.

ಕೊನೆಯ ತೊಡಕು ನಿಮ್ಮ ಈಗಿನ ಮೂರು ತಿಂಗಳ ನೋಟಿಸ್. ಕಾಂಟ್ರಾಕ್ಟ್‌ಗೆ ಜನ ಬೇಕಾಗುವುದು ಎರಡು ಮೂರು ವಾರದೊಳಗೆ. ಉಳಿದ ರಜೆಯನ್ನು ನೋಟಿಸ್‌ಗೆ ಹೊಂದಿಸಿ, ಬೇಗ ಬಿಡುಗಡೆ ಮಾಡುತ್ತಾರೋ ಎಂದು ಮ್ಯಾನೇಜರ್ ಜೊತೆ ಮಾತಾಡಬಹುದು. ಆದರೆ ಸಹಿಯಾದ ಕಾಂಟ್ರಾಕ್ಟ್, ಐಆರ್35 ಪತ್ರ, ಬ್ಯಾಕ್‌ಗ್ರೌಂಡ್ ಚೆಕ್ ಮುಗಿಯಿತೆಂಬ ಇಮೇಲ್ ಕೈಗೆ ಬರುವವರೆಗೆ ರಾಜೀನಾಮೆ ಕಳಿಸಬೇಡಿ. ಏಜೆಂಟ್ ಎಷ್ಟೇ ಅವಸರ ಮಾಡಲಿ, ಅವರ ಬಾಯಿಮಾತಿನ ಮೇಲೆ ಕೆಲಸ ಬಿಟ್ಟಾಗ ಬಜೆಟ್ ನಿಂತುಹೋದರೆ ಪರಿಹಾರ ಕೇಳಲು ನಿಮ್ಮ ಬಳಿ ಒಂದು ಕಾಗದವೂ ಇರುವುದಿಲ್ಲ.