ಮನೆ ನೋಡಲು ಜನ ಬರುವಾಗ ನೀವು ಎಲೆ ನೋಡಲು ಹೋಗಿ

ಮಾರಾಟಕ್ಕಿಟ್ಟ ನಮ್ಮ ಮನೆಯನ್ನು ನೋಡಲು ಮೊದಲ ಸಲ ಜನ ಬಂದಾಗ ನಾನು ಮನೆಯಲ್ಲೇ ಇದ್ದೆ. ಗಂಡ, ಹೆಂಡತಿ, ಜೊತೆಗೊಬ್ಬರು ವಯಸ್ಸಾದ ತಾಯಿ. ಪ್ರತಿ ಕೋಣೆಗೂ ಅವರ ಹಿಂದೆಯೇ ಹೋದೆ. ಯಾವ ಕಪಾಟು ಯಾವಾಗ ಮಾಡಿಸಿದ್ದು ಅಂತೆಲ್ಲ ಹೇಳಿದೆ. ಅವರು ಪಿಸುಪಿಸು ಮಾತಾಡಿಕೊಂಡರು, ಒಂದು ಕಪಾಟನ್ನೂ ತೆರೆಯಲಿಲ್ಲ, ಆರೇ ನಿಮಿಷದಲ್ಲಿ ಹೊರಟುಬಿಟ್ಟರು. ಮನೆಯೊಡತಿ ಎದುರಿಗೇ ನಿಂತಿರುವಾಗ 'ಈ ಗೋಡೆ ಒಡೆಯಬಹುದಾ', 'ಇಲ್ಲಿ ನಮ್ಮ ಮಂಚ ಹಿಡಿಸುತ್ತಾ' ಅಂತ ಮಾತಾಡಿಕೊಳ್ಳಲು ಯಾರಿಗಾದರೂ ಸಂಕೋಚವಾಗುತ್ತದೆ, ಅಲ್ವಾ?

ಆ ಶರತ್ಕಾಲದಲ್ಲಿ ಒಟ್ಟು ಹನ್ನೊಂದು ಸಲ ಮನೆ ತೋರಿಸಿದೆವು. ಉಳಿದ ಹತ್ತು ಸಲವೂ ನಾನು, ನಮ್ಮನೆಯವರು, ಮಗಳು ಮೂವರೂ ಹೊರಗಿದ್ದೆವು. ಮೊದಮೊದಲು ಮನೆ ಖಾಲಿ ಮಾಡಿಕೊಡಬೇಕಲ್ಲ ಅಂತ ಹೋಗುತ್ತಿದ್ದೆವು. ಮೂರನೆಯ ವಾರದ ಹೊತ್ತಿಗೆ ಅದಕ್ಕಾಗಿಯೇ ಕಾಯತೊಡಗಿದೆವು. ಮನೆ ಸಜ್ಜು ಮಾಡುವುದು, ಬಣ್ಣ ತಿರುಗಿದ ಎಲೆ ನೋಡುತ್ತಾ ಹೊರಗೆ ಸುತ್ತುವುದು, ಎರಡನ್ನೂ ಒಂದೇ ಕೆಲಸದಂತೆ ಮಾಡಿ. ಎರಡೂ ಹಗುರವಾಗುತ್ತವೆ.

ಮೊದಲು ಮನೆಯ ಮಾತು.

ಹೇಗೂ ಮನೆ ಬಿಡುವವರು ನೀವು. ಆದ್ದರಿಂದ ಗಂಟು ಕಟ್ಟುವ ಕೆಲಸವನ್ನು ಈಗಲೇ ಶುರು ಮಾಡಿ. ಮುಂದಿನ ಮೂರು ತಿಂಗಳಲ್ಲಿ ಬೇಕಾಗದ್ದು ಯಾವುದೂ ಕಣ್ಣಿಗೆ ಬೀಳಬಾರದು. ಬೇಸಿಗೆಯ ಬಟ್ಟೆ, ಓದಿ ಮುಗಿಸಿದ ಪುಸ್ತಕ, ಹೆಚ್ಚುವರಿ ಹಾಸಿಗೆ, ಎಲ್ಲ ರಟ್ಟಿನ ಪೆಟ್ಟಿಗೆಗೆ ಹೋಗಲಿ. ಕಪಾಟುಗಳು ಅರ್ಧ ಖಾಲಿಯಾಗುವವರೆಗೂ ನಾವು ನಿಲ್ಲಿಸಲಿಲ್ಲ. ನೀವು ಎದುರಿಗಿಲ್ಲದಿದ್ದರೆ ಕೊಳ್ಳುವವರು ಕಪಾಟು ತೆರೆದೇ ತೆರೆಯುತ್ತಾರೆ. ತುಂಬಿ ತುಳುಕುವ ಕಪಾಟು ಕಂಡರೆ 'ಇಲ್ಲಿ ಜಾಗ ಸಾಲದು' ಅನ್ನಿಸುತ್ತದೆ. ಅದೇ ಕಪಾಟು ಅರ್ಧ ಖಾಲಿ ಇದ್ದರೆ ದೊಡ್ಡದಾಗಿ ಕಾಣುತ್ತದೆ. ಪೆಟ್ಟಿಗೆಗಳನ್ನು ಮಾತ್ರ ಮಲಗುವ ಕೋಣೆಯಲ್ಲಿ ಪೇರಿಸಬೇಡಿ. ಪರಿಚಯದವರ ಮನೆಯಲ್ಲಿ ಇಡಲು ಆಗದಿದ್ದರೆ ಒಂದೇ ಮೂಲೆಯಲ್ಲಿ ನೀಟಾಗಿ ಜೋಡಿಸಿ.

ಗೋಡೆಯ ಮೇಲಿದ್ದ ಮನೆಯವರ ಫೋಟೋಗಳನ್ನು ಕೆಳಗಿಳಿಸುವುದು ನನಗೆ ಕಷ್ಟವಾಯಿತು. ಅದಕ್ಕಿಂತ ಕಷ್ಟವಾದದ್ದು ಮಗಳ ಕೋಣೆಯ ಬಾಗಿಲ ಚೌಕಟ್ಟು. ಪ್ರತಿ ಹುಟ್ಟುಹಬ್ಬಕ್ಕೂ ಅವಳ ಎತ್ತರವನ್ನು ಅಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದೆವು. ಬಣ್ಣ ಹೊಡೆಯುವ ಹಿಂದಿನ ದಿನ ಉದ್ದನೆಯ ಕಾಗದದ ಪಟ್ಟಿಯನ್ನು ಚೌಕಟ್ಟಿಗೆ ಅಂಟಿಸಿ, ಒಂದೊಂದು ಗೆರೆಯನ್ನೂ ತಾರೀಖಿನ ಸಮೇತ ಅದರ ಮೇಲೆ ಇಳಿಸಿಕೊಂಡೆವು. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ. ಪೇಂಟರ್ ಬರುವ ಮುಂಚೆ ಅದನ್ನು ಕಾಪಾಡಿಕೊಳ್ಳಿ. ಗಡಿಬಿಡಿಯಲ್ಲಿ ಅಳಿಸಿಹೋದರೆ ಮತ್ತೆ ಸಿಗುವುದಿಲ್ಲ.

ಶರತ್ಕಾಲದಲ್ಲಿ ಮನೆ ಮಾರುವವರು ಎಲ್ಲಕ್ಕಿಂತ ಜಾಸ್ತಿ ಗಮನ ಕೊಡಬೇಕಾದದ್ದು ಬೆಳಕಿಗೆ. ಈ ಕಾಲದಲ್ಲಿ ಸೂರ್ಯ ಬಾನಿನಲ್ಲಿ ಕೆಳಗೆ ಸಾಗುತ್ತಾನೆ. ಬಿಸಿಲು ಬೀಳುವ ಕಡೆಯ ಕಿಟಕಿಗಳಿಂದ ಬೆಳಕು ಕೋಣೆಯೊಳಗೆ ತುಂಬಾ ದೂರ ಬರುತ್ತದೆ. ನೋಡಲು ಚೆಂದ. ಆದರೆ ಗಾಜಿನ ಮೇಲಿನ ಪ್ರತಿ ಬೆರಳಚ್ಚು, ನೆಲದ ಮೇಲಿನ ಪ್ರತಿ ಧೂಳಿನ ಕಣ ಅದೇ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಕಿಟಕಿಯನ್ನು ಒಳಗೂ ಹೊರಗೂ ಒರೆಸಿ. ಪರದೆ ಪೂರ್ತಿ ಸರಿಸಿ. ಬಲ್ಬುಗಳ ಮೇಲಿನ ಧೂಳೂ ಹೋಗಲಿ. ಒಂದು ಬಲ್ಬು ಹಳದಿ, ಇನ್ನೊಂದು ನೀಲಿ ಬಿಳುಪು ಇದ್ದರೆ ಇಡೀ ಕೋಣೆ ಅಸ್ತವ್ಯಸ್ತವಾಗಿ ಕಾಣುತ್ತದೆ. ಡಬ್ಬದ ಮೇಲೆ 2700 ಅಥವಾ 3000 ಕೆಲ್ವಿನ್ ಅಂತ ಬರೆದಿರುವ, ಬೆಚ್ಚನೆಯ ಬೆಳಕಿನ ಬಲ್ಬುಗಳನ್ನೇ ಎಲ್ಲ ಕಡೆ ಹಾಕಿ. ಎಷ್ಟು ಬೆಳಕು ಅಂತ ತಿಳಿಯಲು ವ್ಯಾಟ್ ನೋಡಬೇಡಿ, ಲ್ಯೂಮೆನ್ ನೋಡಿ. ಹಳೆಯ ಕಾಲದ 60 ವ್ಯಾಟ್ ಬಲ್ಬಿನಷ್ಟು ಬೆಳಕಿಗೆ ಸುಮಾರು 800 ಲ್ಯೂಮೆನ್ ಬೇಕು. ಕತ್ತಲೆ ಇರುವ ಮೂಲೆಗೆ ಒಂದು ಟೇಬಲ್ ಲ್ಯಾಂಪ್ ಇಡಿ.

ನಾವು ತಡವಾಗಿ ಕಂಡುಕೊಂಡದ್ದು ಇನ್ನೊಂದಿದೆ. ಸೆಪ್ಟೆಂಬರ್ 22–23ರ ಸುಮಾರಿಗೆ ಹಗಲು ರಾತ್ರಿ ಹೆಚ್ಚುಕಡಿಮೆ ಸಮವಾಗುತ್ತವೆ. ದಕ್ಷಿಣ ಗೋಳಾರ್ಧದಲ್ಲಾದರೆ ಇದೇ ಶರತ್ಕಾಲದ ಸಮದಿನ ಮಾರ್ಚ್ 20–21ಕ್ಕೆ ಬರುತ್ತದೆ. ಹಗಲು ಅತಿ ಬೇಗ ಕಿರಿದಾಗುವುದು ಆ ದಿನಗಳಲ್ಲೇ. 40 ಡಿಗ್ರಿ ಅಕ್ಷಾಂಶದ ಸುತ್ತಮುತ್ತ ದಿನಕ್ಕೆ 2ರಿಂದ 3 ನಿಮಿಷ ಹಗಲು ಕಳೆದುಹೋಗುತ್ತದೆ. ಎರಡು ವಾರ ಅಂದರೆ ಅರ್ಧ ಗಂಟೆಗೂ ಮೇಲೆ. ಮೊದಲ ವಾರ ನಮ್ಮ ಹಾಲ್ ಸಂಜೆ ಐದಕ್ಕೆ ಬಂಗಾರದ ಹಾಗೆ ಹೊಳೆಯುತ್ತಿತ್ತು. ಅದನ್ನೇ ನಂಬಿ ತಿಂಗಳ ಕೊನೆಗೂ ಐದಕ್ಕೇ ಜನರನ್ನು ಕರೆದೆವು. ಬಂದವರು ಮಬ್ಬುಗತ್ತಲಲ್ಲಿ ಮನೆ ನೋಡಿಕೊಂಡು ಹೋದರು. ಎರಡು ವಾರಕ್ಕೊಮ್ಮೆ ಮನೆಯೊಳಗೆ ನಿಂತು, ಯಾವ ಹೊತ್ತಿಗೆ ಯಾವ ಕೋಣೆಗೆ ಬೆಳಕು ಬರುತ್ತದೆ ಅಂತ ಬರೆದುಕೊಳ್ಳಿ. ತೋರಿಸುವ ಸಮಯವನ್ನು ಅದರಂತೆ ಬೇಗ ಇಟ್ಟುಕೊಳ್ಳಿ.

ಹೊರಗಿನ ಫೋಟೋಗಳನ್ನು ಮರದಲ್ಲಿ ಎಲೆ ಇರುವಾಗಲೇ ತೆಗೆದಿಡಿ. ಒಳಗಿನ ಫೋಟೋಗೆ ಫೋನನ್ನು ಎದೆಯ ಮಟ್ಟಕ್ಕೆ ನೇರವಾಗಿ ಹಿಡಿದು, ಕೋಣೆಯ ಮೂಲೆಯಲ್ಲಿ ನಿಲ್ಲಿ. ಇಡೀ ಕೋಣೆ ಒಂದೇ ಚಿತ್ರದಲ್ಲಿ ಬರಲಿ ಅಂತ ತೀರಾ ಅಗಲದ ಲೆನ್ಸ್ ಹಾಕಬೇಡಿ. ಫೋಟೋದಲ್ಲಿ ದೊಡ್ಡದಾಗಿ ಕಂಡ ಕೋಣೆ ಎದುರಿಗೆ ಚಿಕ್ಕದಾಗಿ ಕಂಡರೆ ಬಂದವರಿಗೆ ಮೋಸ ಹೋದಂತೆ ಅನ್ನಿಸುತ್ತದೆ.

ಇನ್ನು ಎಲೆ. ಅಂಗಳದಲ್ಲಿ ಒಣ ಎಲೆ ಅಲ್ಲಲ್ಲಿ ಬಿದ್ದಿದ್ದರೆ ಚೆಂದವೇ. ನಡೆಯುವ ದಾರಿಯಲ್ಲಿ ಮಾತ್ರ ಒಂದೂ ಇರಬಾರದು. ಒದ್ದೆ ಎಲೆ ತುಂಬಾ ಜಾರುತ್ತದೆ. ಜನ ಬರುವ ದಿನ ಬೆಳಿಗ್ಗೆಯೇ ಗುಡಿಸಿ, ಹಿಂದಿನ ರಾತ್ರಿ ಗುಡಿಸಿ ಪ್ರಯೋಜನವಿಲ್ಲ. ಸೂರಿನ ಮಳೆನೀರಿನ ದೋಣಿಯಲ್ಲಿ ಎಲೆ ಕಟ್ಟಿಕೊಂಡರೆ ನೀರು ಗೋಡೆಯ ಮೇಲೆ ಹರಿದು ಕಲೆಯಾಗುತ್ತದೆ. ತಿಳಿದವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಗೋಡೆಗೆ ತೇವ ಇಳಿದಿದ್ದರೆ ಅದರ ಮೇಲೆ ಸುಮ್ನೆ ಬಣ್ಣ ಬಳಿಯಬೇಡಿ. ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ, ಸರಿಮಾಡಿಸಿ, ಒಣಗಲು ಬಿಟ್ಟು ಆಮೇಲೆ ಬಣ್ಣ ಹೊಡೆಸಿ. ಕೊಳ್ಳುವವರಿಗೂ ಅದನ್ನು ಹೇಳಿ. ಮನೆಯನ್ನು ಸಜ್ಜು ಮಾಡುವುದು ಬೇರೆ, ಕೊರತೆ ಮುಚ್ಚಿಡುವುದು ಬೇರೆ. ನಾಳೆ ಆ ಗೋಡೆಯ ಪಕ್ಕದಲ್ಲಿ ಮಲಗುವುದು ಇನ್ನೊಬ್ಬರ ಮಗು.

ವಾಸನೆಯ ವಿಷಯದಲ್ಲಿ ನಿಮ್ಮ ಮೂಗನ್ನು ನಂಬಬೇಡಿ. ನಮ್ಮ ಮನೆಯ ವಾಸನೆಗೆ ನಮ್ಮ ಮೂಗು ಒಗ್ಗಿಹೋಗಿರುತ್ತದೆ. ಪಕ್ಕದ ಮನೆಯವರನ್ನು ಕರೆದು ನೇರವಾಗಿ ಕೇಳಿ. ಹೊರಡುವ ಮುಂಚೆ ಎದುರುಬದುರಿನ ಕಿಟಕಿಗಳನ್ನು ಹತ್ತು ನಿಮಿಷ ತೆರೆದಿಡಿ. ಘಮಘಮ ಸ್ಪ್ರೇ, ಮೇಣದಬತ್ತಿ ಬೇಡ. ಏನನ್ನೋ ಮುಚ್ಚುತ್ತಿದ್ದಾರೆ ಅನ್ನುವ ಅನುಮಾನ ಬರುತ್ತದೆ.

ಒಡವೆ, ಔಷಧಿ, ಬ್ಯಾಂಕಿನ ಕಾಗದ ಬೀಗದೊಳಗಿರಲಿ. ಸಾಕುಪ್ರಾಣಿ ಇದ್ದರೆ ನಿಮ್ಮ ಜೊತೆಗೇ ಬರಲಿ.

ಈಗ ಹೊರಡೋಣ.

ಜನ ಬರುವ ಹದಿನೈದು ನಿಮಿಷ ಮುಂಚೆ ಮನೆ ಬಿಡಿ. ಗೇಟಿನಲ್ಲಿ ಎದುರುಬದುರಾದರೆ ಮತ್ತದೇ ಸಂಕೋಚ. ಹೋಗುವ ಜಾಗ ಮನೆಯಿಂದ ಅರ್ಧ ಗಂಟೆಯೊಳಗಿರಲಿ. ಅದಕ್ಕಿಂತ ದೂರ ಹೋದರೆ ಕತ್ತಲಾದ ಮೇಲೆ ದಣಿದು ಹಿಂದಿರುಗಿ, ಮರುದಿನದ ಸಜ್ಜಿಗೆ ಮೈ ಬಗ್ಗುವುದಿಲ್ಲ. ನಾವು ಬಾಗಿಲ ಬಳಿ ಒಂದು ಚೀಲ ಸದಾ ಸಿದ್ಧವಾಗಿ ಇಟ್ಟಿದ್ದೆವು. ಒಬ್ಬೊಬ್ಬರಿಗೂ ಒಂದು ತೆಳು ಸ್ವೆಟರ್, ಅದರ ಮೇಲೆ ಹಾಕಲು ಗಾಳಿ ತಡೆಯುವ ಜಾಕೆಟ್, ಒಂದೊಂದು ಜೊತೆ ಒಣ ಕಾಲುಚೀಲ, ನೀರು, ಟಾರ್ಚು, ಎರಡು ಹಳೆಯ ನ್ಯೂಸ್‌ಪೇಪರ್. ದಪ್ಪನೆಯ ಒಂದೇ ಕೋಟಿಗಿಂತ ತೆಳುವಾದ ಎರಡು ಮೂರು ಬಟ್ಟೆ ವಾಸಿ. ಬಿಸಿಲಿಗೆ ಒಂದನ್ನು ತೆಗೆಯಬಹುದು, ನೆರಳಿಗೆ ಬಂದಾಗ ಮತ್ತೆ ಹಾಕಬಹುದು.

ಬೆಳಿಗ್ಗೆ ಹೊತ್ತು ಸಿಕ್ಕರೆ ಕಣಿವೆ ಕಾಣುವ ಎತ್ತರದ ಜಾಗಕ್ಕೆ ಹೋಗಿ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯ ಮರುದಿನ ತಗ್ಗಿನಲ್ಲಿ ಮಂಜು ತುಂಬಿ ನಿಂತಿರುತ್ತದೆ. ರಾತ್ರಿ ನೆಲ ಬೇಗ ತಣಿದು, ತಂಪುಗಾಳಿ ಕೆಳಕ್ಕೆ ಇಳಿದು ಸೇರುವುದೇ ಇದಕ್ಕೆ ಕಾರಣ. ಬಿಸಿಲೇರಿದಂತೆ ಅದು ಕರಗುವುದನ್ನು ಕುಳಿತು ನೋಡುವುದಕ್ಕೆ ಒಂದು ಗಂಟೆ ಸಾಲುವುದಿಲ್ಲ.

ಸಂಜೆಯಾದರೆ ಮರಗಳಿರುವ ಕೆರೆ ದಂಡೆ ಅಥವಾ ಪಾರ್ಕು. ಎಲೆಗಳ ಬಣ್ಣ ನೋಡಲು ಸರಿಯಾದ ವಾರ ಯಾವುದು ಅಂತ ನನ್ನನ್ನು ಕೇಳಿದರೆ, ಹಗಲು ಒಳ್ಳೆಯ ಬಿಸಿಲು, ರಾತ್ರಿ ಹೆಪ್ಪುಗಟ್ಟದಷ್ಟು ಚಳಿ, ಹೀಗೆ ಕೆಲವು ದಿನ ಕಳೆದ ಮೇಲೆ ಹೋಗಿ ಅನ್ನುತ್ತೇನೆ. ಎಲೆಯ ಹಳದಿ ಮೊದಲಿನಿಂದಲೂ ಅದರೊಳಗೇ ಇರುತ್ತದೆ. ಹಸಿರು ಬಣ್ಣ ಕೊಡುವ ಕ್ಲೋರೋಫಿಲ್ ಒಡೆದುಹೋದಾಗ ಆ ಹಳದಿ ಹೊರಗೆ ಕಾಣುತ್ತದೆ. ಕೆಂಪು ಹಾಗಲ್ಲ. ಅದನ್ನು ಎಲೆ ಆಗ ಹೊಸದಾಗಿ ತಯಾರಿಸುತ್ತದೆ. ಅದಕ್ಕೆ ಬಿಸಿಲು ಬೇಕು. ಗಿಂಕೊ ಮರ ಹತ್ತಿರದಲ್ಲಿದ್ದರೆ ನಾಳೆ ನೋಡೋಣ ಅನ್ನಬೇಡಿ. ಅದು ತನ್ನ ಹಳದಿ ಎಲೆಗಳನ್ನು ಕೆಲವೊಮ್ಮೆ ಒಂದೇ ದಿನದಲ್ಲಿ ಉದುರಿಸಿಬಿಡುತ್ತದೆ. ಓಕ್ ಮರಗಳಿಗೆ ಅವಸರವಿಲ್ಲ. ಅವುಗಳಲ್ಲಿ ಕೆಲವು ಒಣ ಎಲೆಯನ್ನು ಚಳಿಗಾಲದವರೆಗೂ ಹಿಡಿದುಕೊಂಡಿರುತ್ತವೆ.

ನ್ಯೂಸ್‌ಪೇಪರ್ ಯಾಕೆ ಅಂದರೆ, ಮಗಳು ಎಲೆ ಆರಿಸುತ್ತಿದ್ದಳು. ಮುರಿಯದ, ಒದ್ದೆಯಿಲ್ಲದ ಎಲೆಗಳನ್ನು ಹಾಳೆಗಳ ನಡುವೆ ಒಂದರ ಮೇಲೊಂದು ಬೀಳದಂತೆ ಹರಡಿ, ಮೇಲೆ ದಪ್ಪ ಪುಸ್ತಕ ಹೇರಿ ಇಟ್ಟರೆ ಒಂದೆರಡು ವಾರದಲ್ಲಿ ಒಣಗುತ್ತವೆ. ನಾಲ್ಕೈದು ದಿನಕ್ಕೊಮ್ಮೆ ಹಾಳೆ ಬದಲಿಸಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಅವಳು ಒಣಗಿಸಿದ ಏಳು ಎಲೆಗಳನ್ನು ನಮ್ಮ ಫೋಟೋ ಇದ್ದ, ಈಗ ಖಾಲಿಯಾದ ಫ್ರೇಮಿನಲ್ಲೇ ಹಾಕಿ ಹಾಲಿನ ಗೋಡೆಗೆ ತೂಗುಹಾಕಿದೆವು. ಇಡೀ ಮನೆಯಲ್ಲಿ ಶರತ್ಕಾಲದ ಅಲಂಕಾರ ಅಂತ ಇದ್ದದ್ದು ಅದೊಂದೇ. ಮೂಲೆಮೂಲೆಗೂ ಎಲೆಯ ಮಾಲೆ, ಕಾಯಿ, ಕೊಂಬೆ ಇಟ್ಟರೆ ಜನ ಅಲಂಕಾರ ನೋಡುತ್ತಾರೆ, ಕೋಣೆ ನೋಡುವುದಿಲ್ಲ.

ಹೊರಗಿರುವಾಗ ಫೋನ್ ಚೀಲದಲ್ಲೇ ಇರಲಿ. ಬಂದವರು ಹೋದ ಮೇಲೆ ಒಂದು ಮೆಸೇಜ್ ಹಾಕಿ ಅಂತ ಮನೆ ತೋರಿಸುವ ಏಜೆಂಟ್‌ಗೆ ಮೊದಲೇ ಹೇಳಿಡಿ. ಅದು ಬರುವವರೆಗೆ ಮನೆಯ ಕಡೆ ತಿರುಗಬೇಡಿ. ಎಂಟನೆಯ ಸಲ ಬಂದವರು ಒಂದು ಗಂಟೆ ಇಪ್ಪತ್ತು ನಿಮಿಷ ಒಳಗಿದ್ದರು. ನಾವು ಕೆರೆಯನ್ನು ಎರಡು ಸುತ್ತು ಹಾಕಿದೆವು. ಆಮೇಲೆ ಗೊತ್ತಾಯಿತು, ಅವರು ಪ್ರತಿ ಕಪಾಟನ್ನೂ ತೆರೆದು ನೋಡಿದ್ದರು, ಮಗಳ ಕೋಣೆಯ ಕಿಟಕಿಯ ಬಳಿ ಸುಮಾರು ಹೊತ್ತು ಕುಳಿತಿದ್ದರು. ಮುಂದಿನ ವಾರ ಮತ್ತೆ ಬಂದರು. ಅದಾದ ಮೇಲೂ ಇನ್ನಿಬ್ಬರಿಗೆ ತೋರಿಸಿದೆವು. ಕೊನೆಗೆ ಮನೆ ಕೊಂಡವರು ಇವರೇ.

ಕೀಲಿ ಕೊಡುವ ದಿನ ಬೆಳಿಗ್ಗೆ ಕೊನೆಯ ಸಲ ದಾರಿ ಗುಡಿಸಿದೆ. ಎಲೆಗಳ ಫ್ರೇಮನ್ನು ಗೋಡೆಯ ಮೇಲೇ ಇರಲಿ ಅಂತ ಅವರು ಕೇಳಿಕೊಂಡಿದ್ದರು. ಮಗಳು ಒಪ್ಪಿದಳು. ಎತ್ತರದ ಗುರುತಿನ ಕಾಗದದ ಪಟ್ಟಿಯನ್ನು ಸುರುಳಿ ಸುತ್ತಿ ತಾನೇ ಹಿಡಿದುಕೊಂಡಳು. ಉದ್ದ ಹಿಡಿಯ ಪೊರಕೆಯನ್ನು ನಾನು ಹಿಂಬಾಗಿಲ ಪಕ್ಕದಲ್ಲೇ ಬಿಟ್ಟು ಬಂದೆ. ಮರದಲ್ಲಿ ಇನ್ನೂ ಅರ್ಧದಷ್ಟು ಎಲೆ ಇತ್ತು.